ಬಾವ ಕೆನಡಾದಿಂದ ಬೇಟೆ ಜಾಕೆಟ್ ತರ್ತಾರಂತೆ, ಕೊಡಗಿನ ಮಳೆಗೆ ಯಾವುದು ತಡೆಯುತ್ತೆ?

ನಾಪೋಕ್ಲು_ತೋಟಿಗ
ಎಲ್ಲರಿಗೂ ನಮಸ್ಕಾರ. ನಮ್ಮ ಬಾವ ಕೆನಡಾದ ಒಂಟಾರಿಯೋದಲ್ಲಿದ್ದಾರೆ. ಈ ಸಲ ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೊದ್‌ಗೆ ಊರಿಗೆ ಬರುತ್ತಿದ್ದಾರೆ. ಏನು ತರಲಿ ಅಂತ ಕೇಳಿದರು. ಮಳೆಗೆ ಒಂದು ಗಟ್ಟಿ ಜಾಕೆಟ್ ತನ್ನಿ ಅಂದೆ. ಅವರು ಅಲ್ಲಿನ ಬೇಟೆ ಸಾಮಾನಿನ ಅಂಗಡಿಗೆ ಹೋಗಿ ಆರು ಜಾಕೆಟ್‌ಗಳ ಫೋಟೊ ಕಳಿಸಿದ್ದಾರೆ. ಒಂದರ ಚೀಟಿಯಲ್ಲಿ 10,000 ಮಿ.ಮೀ. ಅಂತಿದೆ, ಇನ್ನೊಂದರಲ್ಲಿ 20,000. ಭಾಗಮಂಡಲದಲ್ಲೂ ಅಷ್ಟು ಮಳೆ ಬರಲ್ಲ ಮಾರಾಯ್ರೆ!

ಬೇಟೆಗಲ್ಲ, ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಆರಕ್ಕೇ ತೋಟ ಸುತ್ತಬೇಕು. ನವೆಂಬರ್‌ನಲ್ಲಿ ಭತ್ತ ತೆನೆ ಕಟ್ಟಿದ ಮೇಲೆ ರಾತ್ರಿ ಹಂದಿ ಕಾಯಬೇಕು. ಐದು ವರ್ಷದಲ್ಲಿ ಮೂರು ರೈನ್‌ಕೋಟು ಮುಗಿಸಿದ್ದೇನೆ. ಒಂದು ಲಂಟಾನ ಪೊದೆಗೆ ಸಿಕ್ಕಿ ಕಂಕುಳಲ್ಲಿ ಹರಿಯಿತು. ಇನ್ನೊಂದರ ಒಳಗಿನ ಲೇಪನ ಮೀನಿನ ಪೊರೆ ಹಾಗೆ ಎದ್ದು ಅಂಗಿಗೆಲ್ಲ ಅಂಟಿತು. ಮೂರನೆಯದು ಹರಿದೇ ಇಲ್ಲ. ಆದರೆ ಅದನ್ನು ಹಾಕಿಕೊಂಡು ಬಾಣೆ (ಗುಡ್ಡ) ಹತ್ತಿದರೆ ಮಳೆಗಿಂತ ಬೆವರಿಗೇ ಜಾಸ್ತಿ ನೆನೆಯುತ್ತೇನೆ. ಯಾವುದು ತರಿಸಲಿ?

ಕಕ್ಕಡ_18
ಕೊಡೆ. 300 ರೂಪಾಯಿ. ಮುಗೀತು.

ನಾಪೋಕ್ಲು_ತೋಟಿಗ
ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಟಾರ್ಚು. ಕೊಡೆಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಲಾ?

ವಿರಾಜಪೇಟೆ_ಮೇಷ್ಟ್ರು
ಆ ಮಿ.ಮೀ. ಮಳೆಯ ಲೆಕ್ಕ ಅಲ್ಲ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋಗುತ್ತಾರೆ. ಎಷ್ಟು ಎತ್ತರಕ್ಕೆ ಹೋದಾಗ ನೀರು ಬಟ್ಟೆ ದಾಟಿ ಜಿನುಗುತ್ತದೋ ಅದೇ ಆ ಅಂಕಿ. 10,000 ಅಂದರೆ ಹತ್ತು ಮೀಟರ್ ನೀರಿನ ಕಂಬ.

ಬರೀ ಮಳೆಹನಿಗೆ ಅಷ್ಟು ಒತ್ತಡ ಇರುವುದಿಲ್ಲ. ಆದರೆ ಒದ್ದೆ ಕಲ್ಲಿನ ಮೇಲೆ ಕೂತಾಗ, ಮಂಡಿ ಊರಿದಾಗ, ಚೀಲದ ಪಟ್ಟಿಯೋ ಕೋವಿಯ ಪಟ್ಟಿಯೋ ಹೆಗಲನ್ನು ಅಮುಕಿದಾಗ ಒತ್ತಡ ಏರುತ್ತದೆ. ಅದಕ್ಕೇ ರೈನ್‌ಕೋಟು ಮೊದಲು ಸೋರುವುದು ಹೆಗಲಲ್ಲಿ ಮತ್ತು ಕೂರುವ ಜಾಗದಲ್ಲಿ. 10,000 ಇದ್ದರೆ ನಿಮ್ಮ ಕೆಲಸಕ್ಕೆ ಸಾಕು. ಹೆಗಲಿಗೆ ಇನ್ನೊಂದು ಪದರ ಇದೆಯಾ ನೋಡಿ.

ಎರಡನೇ ಅಂಕಿಯೊಂದಿರುತ್ತದೆ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಹಬೆ ಹೊರಗೆ ಬಿಡುತ್ತದೆ ಅನ್ನುವುದು ಅದು. ಅದನ್ನು ನೋಡಿ ಮರುಳಾಗಬೇಡಿ. ಆ ಪರೀಕ್ಷೆ ಪ್ರಯೋಗಾಲಯದ ಹವೆಯಲ್ಲಿ ನಡೆಯುತ್ತದೆ. ನಮ್ಮ ಜುಲೈಯಲ್ಲಿ ಹೊರಗಿನ ಗಾಳಿಯೇ ಒದ್ದೆ. ಒಳಗಿನ ಹಬೆ ಎಲ್ಲಿಗೆ ಹೋಗಬೇಕು?

ಟೊರೊಂಟೊ_ತಂಬಿ
ಮೇಷ್ಟ್ರೇ, ಪೂರ್ತಿ ನಿಂತುಹೋಗುವುದಿಲ್ಲ ಅಲ್ವಾ? ಮೈ ಹತ್ತಿರ 33 ಡಿಗ್ರಿ, ಹೊರಗೆ 20. ಸ್ವಲ್ಪ ಹೋಗುತ್ತದೆ.

ವಿರಾಜಪೇಟೆ_ಮೇಷ್ಟ್ರು
ಸರಿ, ಸ್ವಲ್ಪ ಹೋಗುತ್ತದೆ. ಆದರೆ ಜಾಕೆಟ್‌ನ ಹೊರಮೈ ನೀರು ಕುಡಿದು ಕಪ್ಪಾದ ಮೇಲೆ ಆ ಸ್ವಲ್ಪವೂ ಬಹುತೇಕ ನಿಂತುಹೋಗುತ್ತದೆ. ಬಾಣೆ ಹತ್ತುವವನ ಬೆವರು ಆ ‘ಸ್ವಲ್ಪ’ಕ್ಕೆ ಕಾಯುತ್ತಾ?

ಕುಶಾಲನಗರ_ಕಿಟ್ಟಿ
ನಮ್ಮ ಕಡೆ ಮಳೆ ಕಡಿಮೆ, ಇಷ್ಟೆಲ್ಲ ಬೇಡಪ್ಪ. ಒಂದು ತೆಳು ವಿಂಡ್‌ಚೀಟರ್ ಸಾಕು.

ಭಾಗಮಂಡಲದವ
ನಿಮ್ಮದೂ ಕೊಡಗೇ ಅಂತ ಜುಲೈಯಲ್ಲಿ ನಂಬುವುದು ಕಷ್ಟ 😄

ಮಾಜಿ_ಹವಾಲ್ದಾರ್
ತಮ್ಮಾ, ಸೇನೆಯಲ್ಲಿ 17 ವರ್ಷ ಇದ್ದವನು ಹೇಳುತ್ತಿದ್ದೇನೆ, ಕೇಳು. ನಾಗಾಲ್ಯಾಂಡ್, ಅಸ್ಸಾಂ ಮಳೆಯಲ್ಲಿ ನಮ್ಮನ್ನು ಕಾದದ್ದು ಪೊಂಚೊ. ತಲೆ ತೂರಿಸಿ ಹಾಕಿದರೆ ಚೀಲ ಸಮೇತ ಮುಚ್ಚುತ್ತದೆ. ಪಕ್ಕ ಪೂರ್ತಿ ತೆರೆದಿರುವುದರಿಂದ ಗಾಳಿ ಆಡುತ್ತದೆ. ಬೆವರು ನಿಲ್ಲಲ್ಲ. ರಾತ್ರಿ ಹಾಸಿಕೊಳ್ಳಬಹುದು, ನಾಲ್ಕು ಮೂಲೆಗೆ ಹಗ್ಗ ಕಟ್ಟಿದರೆ ಸೂರು. ಜಾಕೆಟ್‌ಗೆ ಇಪ್ಪತ್ತು ಸಾವಿರ ಸುರಿಯುವ ಬದಲು ಇದನ್ನು ನೋಡು.

ನಾಪೋಕ್ಲು_ತೋಟಿಗ
ಮಾವ, ಕಾಫಿ ಗಿಡದ ಸಾಲಿನೊಳಗೆ ಪೊಂಚೊ ಹಾಕಿಕೊಂಡು ಹೋದರೆ ಪ್ರತಿ ಕೊಂಬೆಗೂ ಸಿಕ್ಕಿಕೊಳ್ಳುತ್ತದಲ್ಲ.

ಮಾಜಿ_ಹವಾಲ್ದಾರ್
ಅದು ನಿಜ. ಸೊಂಟಕ್ಕೆ ಹಗ್ಗ ಕಟ್ಟಬೇಕು. ಕಟ್ಟಿದರೆ ಗಾಳಿ ಆಡಲ್ಲ. ಸರಿ, ನೀನು ಗೆದ್ದೆ.

ಪರಿಸರ_ಪ್ರಿಯ
ಬೇಟೆ ಅನ್ನುವ ಪದ ನೋಡಿ ಬಂದೆ. 1972ರ ವನ್ಯಜೀವಿ ಕಾಯ್ದೆ ಇದೆ, ನೆನಪಿರಲಿ. ಹಂದಿ ಕಾಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ನಾಪೋಕ್ಲು_ತೋಟಿಗ
ಹಂದಿ ಕಾಯುವುದು ಅಂದರೆ ಡಬ್ಬ ಬಡಿಯುವುದು, ಟಾರ್ಚ್ ಬಿಡುವುದು, ಗರ್ನಾಲು ಹೊಡೆಯುವುದು, ನಿದ್ದೆಗೆಡುವುದು. ಒಂದು ರಾತ್ರಿ ಬಂದು ನೋಡಿ ಸಾರ್. ಚಹಾ ನನ್ನ ಲೆಕ್ಕ.

ಹಳೇ_ಕೋವಿ
ಕೊಡಗಿನಲ್ಲಿ ಎಲ್ಲರಿಗೂ ಕೋವಿಗೆ ಲೈಸೆನ್ಸೇ ಬೇಡ, ಇವರಿಗೇನು ಗೊತ್ತು.

ಮಡಿಕೇರಿ_ವಕೀಲ
ಎಲ್ಲರಿಗೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ವಿನಾಯಿತಿ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗಿನ ಅವಧಿ 2029ರವರೆಗೆ. ಮತ್ತು ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಪ್ರಾಣಿ ಹೊಡೆಯುವ ವಿನಾಯಿತಿ ಅಲ್ಲ.

ನಿರ್ವಾಹಕ
ಇಲ್ಲಿಗೆ ಸಾಕು. ಜಾಕೆಟ್ ಬಗ್ಗೆ ಮಾತ್ರ ಬರೆಯಿರಿ. ಹಂದಿ ಬಗ್ಗೆ ಬರೆದರೆ ಅಳಿಸುತ್ತೇನೆ.

ಕಕ್ಕಡ_18
ಪಂದಿ ಕರಿ ಬಗ್ಗೆ ಬರೆಯಬಹುದಾ?

ನಿರ್ವಾಹಕ
ಸಾಕಿದ ಹಂದಿ ಆದರೆ, ಅಡುಗೆ ವಿಭಾಗದಲ್ಲಿ.

ಟೊರೊಂಟೊ_ತಂಬಿ
ಅಣ್ಣ, ನಾನೂ ಒಂಟಾರಿಯೋದಲ್ಲೇ ಇರುವುದು. ಪರವಾನಗಿ ತೆಗೆದುಕೊಂಡು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುವ ಗೆಳೆಯರ ಜೊತೆ ಹೋಗಿದ್ದೇನೆ. ಆ ಅಂಗಡಿಗಳ ಜಾಕೆಟ್ ಹಾಕಿ ನೋಡಿದ್ದೇನೆ. ನಿಮ್ಮ ಬಾವನಿಗೆ ಮೂರು ವಿಷಯ ಹೇಳಿ.

ಇಲ್ಲಿನ ಬೇಟೆ ಜಾಕೆಟ್ ಅಂದರೆ ಸೊನ್ನೆ ಡಿಗ್ರಿಯಲ್ಲಿ ಮರದ ಮೇಲೆ ನಾಲ್ಕು ಗಂಟೆ ಅಲುಗಾಡದೆ ಕೂರುವವನಿಗೆ ಹೊಲಿದದ್ದು. ಒಳಗೆ ಹತ್ತಿಯ ಹಾಗೆ ದಪ್ಪ ಪದರ ಇರುತ್ತದೆ. ಅದನ್ನು ಹಾಕಿ ನಾಪೋಕ್ಲಿನಲ್ಲಿ ಹತ್ತು ಹೆಜ್ಜೆ ನಡೆದರೆ ಕಡುಬು ಬೆಂದ ಹಾಗೆ ಬೇಯುತ್ತೀರಿ. ಆ ಪದರ ಇಲ್ಲದ, ಬರೀ ಹೊರಕವಚ ಕೇಳಿ. ನವೆಂಬರ್ ಚಳಿಗೆ ಒಳಗೆ ಸ್ವೆಟರ್ ಹಾಕಿಕೊಂಡರಾಯಿತು.

ಆಮೇಲೆ ಸದ್ದು. ಒಳ್ಳೆ ಬೇಟೆ ಜಾಕೆಟ್‌ಗೂ ಚಾರಣದ ಜಾಕೆಟ್‌ಗೂ ನಿಜವಾದ ವ್ಯತ್ಯಾಸ ಇರುವುದೇ ಇಲ್ಲಿ. ಚಾರಣದ್ದು ತೆಳುವಾಗಿ ಚಿಪ್ಸ್ ಪೊಟ್ಟಣದ ಹಾಗೆ ಚರಚರ ಅನ್ನುತ್ತದೆ. ಬೇಟೆಯದ್ದರ ಹೊರಮೈ ಉಜ್ಜಿ ಮೆತ್ತಗೆ ಮಾಡಿರುತ್ತಾರೆ. ಕೊಂಬೆ ತಾಗಿದರೂ ಸದ್ದಿಲ್ಲ. ಆದರೆ ಆ ಮೆತ್ತನೆ ಬಟ್ಟೆ ನೀರು ಹಿಡಿದುಕೊಂಡು ಭಾರ ಆಗುತ್ತದೆ, ಒಣಗುವುದೂ ನಿಧಾನ. ಜೇಬಿಗೆ ವೆಲ್ಕ್ರೊ ಇದ್ದರೆ ಬಿಟ್ಟುಬಿಡಿ, ರಾತ್ರಿ ಎಳೆದರೆ ಅರ್ಧ ಫರ್ಲಾಂಗ್ ಕೇಳುತ್ತದೆ.

ಕೊನೆಯದು ಬಣ್ಣ. ಇಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಕಾಲದಲ್ಲಿ 400 ಚದರ ಇಂಚು ಕಿತ್ತಳೆ ಬಣ್ಣ ಮೈಮೇಲೆ ಇರಲೇಬೇಕು, ತಲೆಗೂ ಕಿತ್ತಳೆ ಟೋಪಿ ಬೇಕು. ಕಾನೂನು. ಇನ್ನೊಬ್ಬ ಬೇಟೆಗಾರ ತಪ್ಪಿ ಗುಂಡು ಹಾರಿಸಬಾರದು ಅಂತ. ಜಿಂಕೆಗೆ ಆ ಕಿತ್ತಳೆ ಕಣ್ಣಿಗೆ ಹೊಡೆಯುವುದಿಲ್ಲ, ಮಂಕಾಗಿ ಕಾಣುತ್ತದೆ. ನೀಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇಲ್ಲಿ ಜೀನ್ಸ್ ಹಾಕಿ ಬಂದವನನ್ನು ಬೈಯುತ್ತಾರೆ.

ನಾಪೋಕ್ಲು_ತೋಟಿಗ
ಇದು ಗೊತ್ತಿರಲಿಲ್ಲ. ಬಾವ ಕಳಿಸಿದ ಆರರಲ್ಲಿ ನಾಲ್ಕು ಎಲೆ-ಕೊಂಬೆ ಚಿತ್ರದ ಕ್ಯಾಮೊಫ್ಲಾಜ್. ನೋಡಲು ಜೋರಾಗಿವೆ.

ಮಾಜಿ_ಹವಾಲ್ದಾರ್
ಬೇಡವೇ ಬೇಡ. ಕುಟ್ಟ, ಬಿರುನಾಣಿ ಕಡೆ ನಕ್ಸಲ್ ನಿಗ್ರಹ ಪಡೆಯವರು ಓಡಾಡಿದ್ದು ಮರೆತಿದ್ದೀಯಾ? ಆ ಬಟ್ಟೆ, ಹೆಗಲಲ್ಲಿ ಕೋವಿ, ಬೆಳಗಿನ ಜಾವದ ಮಂಜು. ನೀನು ಯಾರು ಅಂತ ವಿವರಿಸುವುದರೊಳಗೆ ಕಾಫಿ ತಣ್ಣಗಾಗುತ್ತದೆ. ಸೇನೆಯ ಮಾದರಿಗೆ ಹೋಲುವುದಂತೂ ಮುಟ್ಟಬೇಡ. ಆಲಿವ್ ಹಸಿರೋ ಮಣ್ಣಿನ ಬಣ್ಣವೋ ತಗೊ.

ಸಿದ್ದಾಪುರ_ಅಕ್ಕ
ನಾನು ಹಸಿರೂ ಬೇಡ ಅನ್ನುತ್ತೇನೆ. ಕಾವಲಿಗೆ ಒಂದು ಗದ್ದೆಯಲ್ಲಿ ನೀವು, ಪಕ್ಕದಲ್ಲಿ ಇನ್ನೊಬ್ಬರು. ಕತ್ತಲಲ್ಲಿ ಎಲ್ಲರ ಕೈಯಲ್ಲೂ ಏನೋ ಒಂದು ಇರುತ್ತದೆ. ಒಂದು ಕಿತ್ತಳೆ ಪಟ್ಟಿ ಹೊಲಿಸಿಕೊಳ್ಳಿ, ಆ ತಂಬಿ ಹೇಳಿದ್ದು ಸರಿ.

ಪೊಳ್ಳಿಬೆಟ್ಟ_ಪುಟ್ಟಣ್ಣ
ನೀವೆಲ್ಲ ಪ್ಲಾಸ್ಟಿಕ್ ಮಾತಾಡುತ್ತಿದ್ದೀರಿ. ನಿಜವಾದ ಬೇಟೆ ಜಾಕೆಟ್ ಅಂದರೆ ಮೇಣ ಹಚ್ಚಿದ ಹತ್ತಿಯದ್ದು. ಇಂಗ್ಲೆಂಡಿನ ಬಾರ್ಬರ್ ಕಂಪನಿ 1894ರಿಂದ ಇದೆ. ನಮ್ಮ ತಾತ ಒಬ್ಬ ಬಿಳಿ ದೊರೆಯಿಂದ ಅಂಥದ್ದೇ ಒಂದು ಕೋಟು ಕೊಂಡಿದ್ದರು. ಮುಳ್ಳಿಗೆ ಹರಿಯಲ್ಲ, ಸದ್ದು ಮಾಡಲ್ಲ, ಮೂವತ್ತು ವರ್ಷ ಬಾಳಿತು. ಹಿತ್ತಾಳೆಯ ಜಿಪ್ ಇನ್ನೂ ಓಡುತ್ತದೆ. ಮೇಣ ಹೋದರೆ ವರ್ಷಕ್ಕೊಮ್ಮೆ ಮತ್ತೆ ಹಚ್ಚಬಹುದು. ಹರಿದರೆ ತೇಪೆ ಹಾಕಬಹುದು. ನಿಮ್ಮ ಈಗಿನ ಜಾಕೆಟ್‌ಗೆ ತೇಪೆ ಹಾಕಿ ನೋಡೋಣ.

ಹೊಲಿಗೆ_ಮನೆ_ಗೋಣಿಕೊಪ್ಪ
ಪುಟ್ಟಣ್ಣ, ಆ ಕೋಟು ಜುಲೈಯಲ್ಲಿ ಬೀರುವಿನಲ್ಲಿಟ್ಟಿದ್ದೀರಾ ಯಾವತ್ತಾದರೂ?

ಪೊಳ್ಳಿಬೆಟ್ಟ_ಪುಟ್ಟಣ್ಣ
ಅದನ್ನು ಕೇಳಬಾರದಿತ್ತು ಅಕ್ಕ. ಸರಿ, ಹೇಳಿಬಿಡುತ್ತೇನೆ. ಒಂದು ಮಳೆಗಾಲ ಬೀರುವಿನಲ್ಲಿಟ್ಟು ಮರೆತೆ. ತೆಗೆದಾಗ ಬೆನ್ನ ತುಂಬ ಬಿಳಿ ಬೂಷ್ಟು, ಬೆಕ್ಕಿನ ಮರಿ ಮಲಗಿದ ಹಾಗೆ. ಬೂಷ್ಟು ಹೋಗಲಿ ಅಂತ ಅಡುಗೆಮನೆ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದೆ. ಸಂಜೆ ಬಂದು ನೋಡಿದರೆ ಮೇಣ ಎಲ್ಲ ಕರಗಿ ಕೆಳಗಿನ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ತೊಟ್ಟಿಕ್ಕಿತ್ತು. ಅವ್ವ ಎರಡು ದಿನ ಮಾತಾಡಲಿಲ್ಲ. ಈಗ ಜಗುಲಿಯಲ್ಲಿ ಗಾಳಿಗೆ ನೇತುಹಾಕುತ್ತೇನೆ, ಸೋಪಿಗೆ ತೋರಿಸುವುದಿಲ್ಲ.

ಭಾಗಮಂಡಲದವ
ವಾಸನೆ ಬಗ್ಗೆ ಹೇಳಲೇ ಇಲ್ಲ ನೀವು.

ಪೊಳ್ಳಿಬೆಟ್ಟ_ಪುಟ್ಟಣ್ಣ
ಅಭ್ಯಾಸ ಆಗುತ್ತದೆ.

ಸಕಲೇಶಪುರ_ಗೌಡ
ಪಕ್ಕದ ಜಿಲ್ಲೆಯವನು ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡೇ ಎಂಬತ್ತು ಮಳೆಗಾಲ ಕಳೆದರು. ನಾಟಿಗೆ ಹೆಂಗಸರಿಗೆ ತಲೆ-ಬೆನ್ನು ಮುಚ್ಚುವ ಗೊರಬು, ಗಂಡಸರಿಗೆ ಕಂಬಳಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮೈಗೆ ತಣ್ಣಗೆ ಹತ್ತಲ್ಲ. ಸದ್ದಿಲ್ಲ. ಬೆಂಕಿ ಕಿಡಿ ಬಿದ್ದರೆ ಉರಿದುಹೋಗಲ್ಲ. ಯುರೋಪಿನ ಆಲ್ಪ್ಸ್ ಬೇಟೆಗಾರರೂ ಲೋಡನ್ ಅಂತ ದಪ್ಪ ಉಣ್ಣೆ ಕೋಟನ್ನೇ ಹಾಕುತ್ತಿದ್ದರು. ನಾವು ಮಾತ್ರ ನಮ್ಮದನ್ನು ಬಿಟ್ಟೆವು.

ನಾಪೋಕ್ಲು_ತೋಟಿಗ
ಗೌಡ್ರೇ, ನೆನೆದ ಕಂಬಳಿ ಎಷ್ಟು ಭಾರ?

ಸಕಲೇಶಪುರ_ಗೌಡ
ಎಮ್ಮೆ ಕರು ಹೊತ್ತ ಹಾಗೆ. ಅದಕ್ಕೇ ಬಿಟ್ಟದ್ದು ಅನ್ನಿ.

ಹೊಲಿಗೆ_ಮನೆ_ಗೋಣಿಕೊಪ್ಪ
ಮಳೆಗಾಲದಲ್ಲಿ ನನ್ನ ಹತ್ತಿರ ರಿಪೇರಿಗೆ ಬರುವ ಜಾಕೆಟ್ ನೋಡಿ ನೋಡಿ ಹೇಳುತ್ತಿದ್ದೇನೆ. ಬಟ್ಟೆ ಕೆಡುವುದು ಕಡಿಮೆ. ಕೆಡುವುದು ಜಿಪ್, ಹೊಲಿಗೆ, ಒಳಲೇಪನ.

ಅಂಗಡಿಯಲ್ಲಿ ಜಾಕೆಟ್ ತಿರುವಿ ಒಳಗೆ ನೋಡಲು ಹೇಳಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಟೇಪ್ ಅಂಟಿರಬೇಕು. ಹೆಗಲು, ತಲೆ ಟೋಪಿಗೆ ಮಾತ್ರ ಟೇಪ್ ಹಾಕಿ ಕಂಕುಳು ಬಿಟ್ಟಿರುತ್ತಾರೆ, ಅದೇ ಮೋಸ. ಹೊಲಿಗೆ ಅಂದರೆ ಸೂಜಿ ತೂತು, ಪ್ರತಿ ತೂತಿನಿಂದಲೂ ನೀರು ಒಳಗೆ ಬರುತ್ತದೆ. ಜಿಪ್ ದಪ್ಪ ಹಲ್ಲಿನ ಪ್ಲಾಸ್ಟಿಕ್ ಇರಲಿ, ಎರಡೂ ಕಡೆಯಿಂದ ತೆರೆಯುವಂಥದ್ದು. ಕೂತಾಗ ಕೆಳಗಿನಿಂದ ಬಿಚ್ಚಬಹುದು. ಕಂಕುಳಲ್ಲೂ ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಮೇಷ್ಟ್ರು ಹೇಳಿದ ಹಬೆ ಅಲ್ಲಿಂದ ಹೋಗುತ್ತದೆ, ಬಟ್ಟೆಯಿಂದ ಅಲ್ಲ.

ನಿಮ್ಮ ಎರಡನೇ ಕೋಟು ಮೀನಿನ ಪೊರೆ ಎದ್ದಿದ್ದು ಪಾಲಿಯುರೆಥೇನ್ ಲೇಪನ. ತೇವದಲ್ಲಿ ಮಡಚಿಟ್ಟರೆ ಬಳಸದಿದ್ದರೂ ಕೆಲವೇ ವರ್ಷದಲ್ಲಿ ಹಾಗಾಗುತ್ತದೆ. ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ. ಪ್ರತಿ ಜುಲೈಯಲ್ಲಿ ಯಾರಾದರೊಬ್ಬರು ತಂದು ‘ಇದನ್ನು ಸರಿಮಾಡಿ’ ಅನ್ನುತ್ತಾರೆ, ನಾನು ಬ್ರಷ್ ತೆಗೆದುಕೊಂಡು ಉದುರಿಸಿ ತೋರಿಸುತ್ತೇನೆ.

ಚಾರಣಿಗ_ಪುಷ್ಪಗಿರಿ
ಇಷ್ಟೆಲ್ಲ ಯಾಕೆ? ಗೋರ್‌ಟೆಕ್ಸ್ ತಗೊಳ್ಳಿ, ಮುಗೀತು. 1970ರ ದಶಕದಿಂದ ಜಗತ್ತೇ ಬಳಸುತ್ತಿದೆ. ಇಲ್ಲದಿದ್ದರೆ ಮೈಸೂರಿನ ಡೆಕಾಥ್ಲಾನ್‌ಗೆ ಹೋಗಿ.

ಹೊಲಿಗೆ_ಮನೆ_ಗೋಣಿಕೊಪ್ಪ
ಅದು ನೀರು ತಡೆಯುವ ಒಳಪೊರೆಯ ಹೆಸರು, ಜಾಕೆಟ್‌ನ ಹೆಸರಲ್ಲ. ಪೊರೆ ಚೆನ್ನಾಗಿದ್ದರೂ ಮೇಲಿನ ಬಟ್ಟೆ ತೆಳುವಾಗಿದ್ದರೆ ಮೊದಲ ಲಂಟಾನದಲ್ಲೇ ಕಥೆ ಮುಗೀತು. ಬೆಟ್ಟದ ದಾರಿ ಬೇರೆ, ತೋಟದ ಒಳಗೆ ನುಗ್ಗುವುದು ಬೇರೆ.

ಸಿದ್ದಾಪುರ_ಅಕ್ಕ
ಯಾರೂ ತಲೆಯ ಬಗ್ಗೆ ಮಾತಾಡಲಿಲ್ಲ. ನನಗೆ ಜಾಕೆಟ್‌ನಲ್ಲಿ ಮುಖ್ಯ ಅದೊಂದೇ.

ಹಲಸಿನ ಕಾಲ. ಹೋದ ವರ್ಷ ಜುಲೈ. ಬೆಳಿಗ್ಗೆ ಆರೂವರೆಗೆ ಕಾರ್ಮಿಕರ ಲೈನ್ ಮನೆ ಕಡೆ ಹೊರಟೆ. ಹೊಸ ರೈನ್‌ಕೋಟು, ಟೋಪಿ ಎಳೆದು ದಾರ ಬಿಗಿದಿದ್ದೆ. ಮಳೆ ಟೋಪಿಯ ಮೇಲೆ ತಗಡಿನ ಮೇಲೆ ಬಿದ್ದ ಹಾಗೆ ಟಪಟಪ ಅನ್ನುತ್ತಿತ್ತು. ಬೇರೇನೂ ಕೇಳುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಮುಖ ತಿರುಗುತ್ತದೆ, ಟೋಪಿ ತಿರುಗಲ್ಲ. ಕಣ್ಣಿಗೆ ಟೋಪಿಯ ಅಂಚೇ ಕಾಣುತ್ತದೆ. ನಮ್ಮ ನಾಯಿ ಇದ್ದಕ್ಕಿದ್ದಂತೆ ನನ್ನ ಕಾಲಸಂದಿಗೆ ನುಗ್ಗಿತು. ಯಾಕೆ ಅಂತ ಟೋಪಿ ಹಿಂದಕ್ಕೆ ತಳ್ಳಿದೆ. ಆಗ ಕೇಳಿಸಿತು. ಹೊಟ್ಟೆ ಗುಡುಗಿದ ಹಾಗೆ ಒಂದು ಸದ್ದು, ಆಮೇಲೆ ಹಲಸಿನ ಹಣ್ಣು ಸೀಳಿದ ಚರ್ ಅನ್ನುವ ಸದ್ದು. ಎಡಗಡೆ, ನಾಲ್ಕು ಸಾಲು ಕಾಫಿ ಗಿಡದ ಆಚೆ. ನಾನು ಅಷ್ಟು ಹೊತ್ತು ಆನೆಯ ಪಕ್ಕದಲ್ಲೇ ನಡೆದು ಬಂದಿದ್ದೆ.

ಹಿಂದೆ ಹಿಂದೆ ಹೆಜ್ಜೆ ಇಟ್ಟು ವಾಪಸ್ ಬಂದೆ. ಆ ದಿನ ತಲೆಗೂದಲೆಲ್ಲ ಒದ್ದೆ. ಆಮೇಲೆ ಟೋಪಿ ಕತ್ತರಿಸಿ ಹಾಕಿದೆ. ಈಗ ಅಗಲ ಅಂಚಿನ ಹ್ಯಾಟ್ ಹಾಕುತ್ತೇನೆ, ಕಿವಿ ತೆರೆದಿರುತ್ತದೆ. ಕುತ್ತಿಗೆಗೆ ಟವೆಲ್. ನೀವು ಎಷ್ಟೇ ದುಡ್ಡಿನ ಜಾಕೆಟ್ ತರಿಸಿ, ಟೋಪಿ ಬಿಚ್ಚಿಡಲು ಬರುತ್ತಾ ಅಂತ ಮೊದಲು ಕೇಳಿ.

ಭಾಗಮಂಡಲದವ
ಅಕ್ಕ 🙏

ಮಾಜಿ_ಹವಾಲ್ದಾರ್
ಗಸ್ತಿನಲ್ಲಿ ನಾವೂ ಟೋಪಿ ಎಳೆಯುತ್ತಿರಲಿಲ್ಲ. ಎಷ್ಟೇ ಮಳೆ ಇರಲಿ. ಇದನ್ನು ನಾನೇ ಮೊದಲು ಹೇಳಬೇಕಿತ್ತು, ಪೊಂಚೊ ಹೊಗಳುವ ಭರದಲ್ಲಿ ಮರೆತೆ.

ಟೊರೊಂಟೊ_ತಂಬಿ
ಇಲ್ಲಿ ಬೇಟೆಗಾರರೂ ಅದನ್ನೇ ಹೇಳುತ್ತಾರೆ, ಆದರೆ ಅವರಿಗೆ ಜಿಂಕೆಯ ಹೆಜ್ಜೆ ಕೇಳಬೇಕು. ಬಿಚ್ಚಿಡಬಹುದಾದ ಟೋಪಿಯವು ಸಿಗುತ್ತವೆ, ಜಿಪ್ಪೋ ಗುಂಡಿಯೋ ಇರುತ್ತದೆ.

ಪರಿಸರ_ಪ್ರಿಯ
ಒಂದು ಸೇರಿಸಲಾ? ಆನೆಗೂ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಕಿತ್ತಳೆ ಪಟ್ಟಿ ಹಾಕಿದರೆ ತೊಂದರೆ ಇಲ್ಲ. ಅದು ಮೂಗಿನಿಂದ ನೋಡುವ ಪ್ರಾಣಿ. ಪುಟ್ಟಣ್ಣನ ಮೇಣದ ಕೋಟು ಮಾತ್ರ ಎರಡು ಮೈಲಿಗೆ ಗೊತ್ತಾಗುತ್ತದೆ.

ಪೊಳ್ಳಿಬೆಟ್ಟ_ಪುಟ್ಟಣ್ಣ
ಒಳ್ಳೆಯದಲ್ವಾ? ಗೊತ್ತಾಗಿ ದೂರ ಹೋಗಲಿ.

ಕಕ್ಕಡ_18
ಜಿಗಣೆಗೆ ಯಾವ ಜಾಕೆಟ್?

ಸಕಲೇಶಪುರ_ಗೌಡ
ಇಂಬಳಕ್ಕೆ ಜಾಕೆಟ್ ಇಲ್ಲ. ಕಾಲಿಗೆ ಹೊಗೆಸೊಪ್ಪಿನ ನೀರು.

ಹಳೇ_ಕೋವಿ
ಉಪ್ಪು.

ಸಕಲೇಶಪುರ_ಗೌಡ
ಉಪ್ಪು ಮಳೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಸ್ವಾಮಿ?

ನಾಪೋಕ್ಲು_ತೋಟಿಗ
ಸರಿ, ಬಾವನಿಗೆ ಹೀಗೆ ಕಳಿಸಿದೆ: ‘ಒಳಪದರ ಇರಬಾರದು. 10,000 ಸಾಕು. ಹೊಲಿಗೆಗೆಲ್ಲ ಟೇಪ್. ಕಂಕುಳಿಗೆ ಜಿಪ್. ಹೊರಬಟ್ಟೆ ದಪ್ಪ, ಸದ್ದು ಮಾಡಬಾರದು. ಟೋಪಿ ಬಿಚ್ಚಲು ಬರಬೇಕು. ಚಿತ್ರ ಬೇಡ, ಆಲಿವ್ ಹಸಿರು.’ ಬಾವ ಕೇಳಿದ್ದು: ‘ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ಕೇಳಿರಲಿಲ್ಲವಲ್ಲ?’

ನಾಪೋಕ್ಲು_ತೋಟಿಗ (ಸೆಪ್ಟೆಂಬರ್‌ನಲ್ಲಿ ಸೇರಿಸಿದ್ದು)
ಜಾಕೆಟ್ ಬಂತು. ಟೋಪಿ ಅದೇ ದಿನ ಬಿಚ್ಚಿ ಬೀರುವಿನಲ್ಲಿಟ್ಟೆ. ಗೋಣಿಕೊಪ್ಪದ ಅಕ್ಕನ ಹತ್ತಿರ ತೋಳಿಗೆ ಕಿತ್ತಳೆ ಪಟ್ಟಿ ಹೊಲಿಸಿದೆ. ಹೊಲಿದ ಜಾಗಕ್ಕೆ ಒಳಗಿನಿಂದ ಟೇಪ್ ಅಂಟಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹತ್ತು ದಿನ ಜಡಿ ಮಳೆಯಲ್ಲಿ ಹಾಕಿದೆ. ಹೆಗಲು ಒಣಗಿತ್ತು. ಬೆವರು ಇದೆ, ಆದರೆ ಕಂಕುಳ ಜಿಪ್ ಬಿಚ್ಚಿದರೆ ತಡೆಯಬಹುದು. ಕುತ್ತಿಗೆಯಿಂದ ನೀರು ಇಳಿಯುತ್ತದೆ, ಟವೆಲ್ ಉಪಾಯ ಕೆಲಸಕ್ಕೆ ಬಂತು ಸಿದ್ದಾಪುರದಕ್ಕ.

ಈಗ ಹೊಸ ತಲೆನೋವು. ಕೈಲ್‌ಪೊದ್ ದಿನ ಕೋವಿ ಒರೆಸಿ, ತೋಕ್‌ಪೂ ಹೂ ಸಿಕ್ಕಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋದೆವು. ನಾನು ಹೊಡೆದದ್ದು ಒಂದೂ ತಾಗಲಿಲ್ಲ, ಅದು ಬೇರೆ ಮಾತು. ಕೋವಿಯ ಎಣ್ಣೆ ಎದೆಯ ಮೇಲೆ ಅಂಗೈಯಗಲ ಅಂಟಿದೆ. ಅಲ್ಲಿ ಮಾತ್ರ ನೀರು ಹನಿಯಾಗಿ ಜಾರುತ್ತಿಲ್ಲ, ಹೀರಿಕೊಳ್ಳುತ್ತಿದೆ. ಏನು ಮಾಡಲಿ?

ಹಳೇ_ಕೋವಿ
ಸೀಮೆಎಣ್ಣೆ ಹಾಕಿ ಉಜ್ಜಿ.

ಹೊಲಿಗೆ_ಮನೆ_ಗೋಣಿಕೊಪ್ಪ
ಅಯ್ಯೋ, ಬೇಡ! ನಾನು ಅಂಟಿಸಿದ ಟೇಪೂ ಬಿಟ್ಟುಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಎರಡು ಹನಿ, ಆ ಜಾಗಕ್ಕೆ ಮಾತ್ರ. ಮೆತ್ತಗೆ ಉಜ್ಜಿ, ಸೋಪು ಪೂರ್ತಿ ಹೋಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ಸೋಪು ಉಳಿದರೂ ನೀರು ಹೀರುತ್ತದೆ. ಒಣಗಿದ ಮೇಲೆ ತೆಳು ಬಟ್ಟೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿ ಎಳೆಯಿರಿ. ಬಿಸಿ ತಾಗಿದರೆ ನೀರು ಜಾರಿಸುವ ಗುಣ ಸ್ವಲ್ಪ ಮರಳುತ್ತದೆ. ಚೀಟಿಯಲ್ಲಿ ಇಸ್ತ್ರಿ ಚಿತ್ರಕ್ಕೆ ಗೀಟು ಹಾಕಿದ್ದರೆ ಮಾತ್ರ ಬೇಡ.

ಪೊಳ್ಳಿಬೆಟ್ಟ_ಪುಟ್ಟಣ್ಣ
ಮೇಣದ ಕೋಟಿಗೆ ಎಣ್ಣೆ ಬಿದ್ದರೆ ಇನ್ನೂ ಚೆನ್ನಾಗಾಗುತ್ತದೆ. ಸುಮ್ನೆ ಹೇಳಿದೆ.

ನಾಪೋಕ್ಲು_ತೋಟಿಗ
ಚೀಟಿಯನ್ನು ಬಾವ ಬೆಲೆ ಕಾಣಬಾರದು ಅಂತ ಕತ್ತರಿಸಿದ್ದಾರೆ. ಇಸ್ತ್ರಿ ಚಿತ್ರವೂ ಅದರ ಜೊತೆಗೇ ಹೋಯಿತು. ಫೋನ್ ಮಾಡಿ ಕೇಳುತ್ತೇನೆ, ಅಲ್ಲಿ ಈಗ ರಾತ್ರಿ ಎರಡು ಗಂಟೆ.